ಹುಬ್ಬಳ್ಳಿ ಯಹೂದಿಯ ಭಾನುವಾರಗಳು

ನಾನು ಯಹೂದಿ ಎಂದು ಹೇಳಿದ ಮೇಲೆ ಮಾತು ಅಲ್ಲಿಗೇ ಮುಗಿದದ್ದು ನನ್ನ ಆಯುಷ್ಯದಲ್ಲಿ ಒಮ್ಮೆಯೂ ಇಲ್ಲ. ಎದುರಿನವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ. ಅದೂ ನನ್ನದೇ ಬಣ್ಣದ್ದು ಅಂತ ಗೊತ್ತಾದಾಗ ಅವರ ಹತ್ತಿರ ಪ್ರಶ್ನೆಗಳು ಮಾತ್ರ ಉಳಿದಿರುತ್ತವೆ.

ನಮ್ಮದು ಬೆನೆ ಇಸ್ರೇಲಿ ಅನ್ನುವ ಸಮುದಾಯ. ಕೊಂಕಣ ಕರಾವಳಿಯಲ್ಲಿ ತಲೆತಲಾಂತರದಿಂದ ಇದ್ದ, ಮನೆಯಲ್ಲಿ ಮರಾಠಿ ಮಾತಾಡುವ ಯಹೂದಿಗಳು. ಅಪ್ಪ ರೈಲ್ವೆಯಲ್ಲಿದ್ದರು, ಹಾಗಾಗಿ ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ಈಗ ಮನೆ ಅಮೆರಿಕದಲ್ಲಿ, ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ಕೆಲಸ ಓಹೇರ್ ವಿಮಾನ ನಿಲ್ದಾಣದ ಪಕ್ಕದ ಒಂದು ಕಾರ್ಗೋ ಆಫೀಸಿನಲ್ಲಿ.

ಕೆಲವು ವರ್ಷದ ಹಿಂದೆ ನಮ್ಮ ಸಿನಗಾಗ್‌ನವರು, ಅಂದರೆ ನಾವು ಪ್ರಾರ್ಥನೆಗೆ ಹೋಗುವ ಮಂದಿರದವರು, ಬಿಳಿಯರಲ್ಲದ ಯಹೂದಿಗಳಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿದರು. ಆಗಾಗ ಒಂದು ಭಾನುವಾರ ನಮ್ಮ ಅಡುಗೆ, ನಮ್ಮ ಹಾಡು, ನಮ್ಮ ಪದ್ಧತಿಗಳನ್ನು ಎಲ್ಲರೂ ಸೇರಿ ಸಂಭ್ರಮಿಸುವುದು. ಅವರ ಉದ್ದೇಶ ಒಳ್ಳೆಯದೇ ಇತ್ತು. ಮುಂದಿನದನ್ನು ಓದಿದ ಮೇಲೆ ನಿಮಗೆ ಅನುಮಾನ ಬಂದೀತು ಅಂತ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಗಿಲು

ಮೊದಲ ಕಾರ್ಯಕ್ರಮಕ್ಕೆ ಭಾಷಣಕಾರಳು ನಾನೇ. ಮದುವೆಗೆ ಕೊಂಡಿದ್ದ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಕೊಬ್ಬರಿ ವಡಿಯ ಡಬ್ಬಿ ಹಿಡಿದು ಹೋದೆ. ಬಾಗಿಲಲ್ಲಿ ಹೊಸ ಸೆಕ್ಯೂರಿಟಿಯವನು. ಎಳೆಯ ಹುಡುಗನೇನಲ್ಲ, ಮೊಮ್ಮಕ್ಕಳಿರುವ ವಯಸ್ಸು.

"ಊಟ ತಂದವರು ಹಿಂದಿನ ಬಾಗಿಲಿಂದ ಬರಬೇಕು ಮೇಡಂ," ಅಂದ.

"ನಾನು ಊಟದವಳಲ್ಲ. ಇವತ್ತು ಮಾತಾಡೋಳು ನಾನೇ," ಅಂದೆ.

ಅವನು ನಂಬಲಿಲ್ಲ. ಅವನ ಬೆನ್ನ ಹಿಂದೆಯೇ, ಗಾಜಿನ ಮೇಲೆ, ನನ್ನ ಫೋಟೋ ಇದ್ದ ದೊಡ್ಡ ಪೋಸ್ಟರು ಅಂಟಿಸಿತ್ತು. ಅದನ್ನು ತೋರಿಸಿದೆ. ಅವನು ತಿರುಗಿ ಪೋಸ್ಟರನ್ನು ಸಾವಕಾಶವಾಗಿ ನೋಡಿದ. ನನ್ನನ್ನು ನೋಡಿದ. ಮತ್ತೆ ಪೋಸ್ಟರ್ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ: "ಅವರು ಇನ್ನೂ ಬಂದಿಲ್ಲ ಮೇಡಂ."

ಪ್ರಶ್ನೋತ್ತರ

ಹಿಂದಿನ ಬಾಗಿಲಿಂದಲೇ ಒಳಗೆ ಹೋಗಿ ಭಾಷಣ ಮಾಡಿದೆ. ನಮ್ಮ ಹಿರಿಯರು ಹಡಗು ಒಡೆದು ಕೊಂಕಣದ ದಂಡೆ ಸೇರಿದರೆಂದು ಮನೆಯಲ್ಲಿ ಹೇಳುತ್ತಿದ್ದ ಕತೆ, ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದದ್ದು, ನಮ್ಮ ವಿಶ್ರಾಂತಿಯ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ನಮ್ಮನ್ನು ಶನಿವಾರದ ಗಾಣಿಗರು ಅಂತ ಕರೆದದ್ದು, ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಬಂತು. ಮುಂದಿನ ಸಾಲಿನ ಒಬ್ಬ ಹಿರಿಯರು ಕೈಯೆತ್ತಿದರು.

"ಬಹಳ ಚೆನ್ನಾಗಿತ್ತು. ನೀವು ಯಾವಾಗ ಮತಾಂತರ ಆದಿರಿ?"

"ನಾವು ಮತಾಂತರ ಆದವರಲ್ಲ. ಹುಟ್ಟಿನಿಂದಲೇ ಯಹೂದಿಗಳು. ಎರಡು ಸಾವಿರ ವರ್ಷದಿಂದ ಅಲ್ಲಿದ್ದೇವೆ ಅಂತ ನಮ್ಮವರು ಹೇಳ್ತಾರೆ."

ಅವರು ನಿಜವಾದ ಕಕ್ಕುಲಾತಿಯಿಂದ ತಲೆಯಾಡಿಸಿದರು. "ಪರವಾಗಿಲ್ಲಮ್ಮ. ನಿಧಾನಕ್ಕೆ ಎಲ್ಲಾ ಅಭ್ಯಾಸ ಆಗುತ್ತೆ."

ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಆಕೆ ಆಸ್ಪತ್ರೆಯೊಂದರಲ್ಲಿ ನರ್ಸ್, ಶಿಕಾಗೋದ ದಕ್ಷಿಣ ಭಾಗದ ಕಪ್ಪು ಯಹೂದಿ ಮನೆತನದವಳು. ಇಂಥ ಕಕ್ಕುಲಾತಿಯನ್ನು ನನಗಿಂತ ಹೆಚ್ಚು ಉಂಡವಳು.

ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಹಿಂದಿನ ಸಾಲಿನಲ್ಲಿ ಕೂತು ಇದನ್ನೆಲ್ಲ ಕೇಳಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ, ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ಬಂದಾಗ ಕೇಳಿದಳು: "ಮಾಮ್, ಕ್ಯಾನ್ ವಿ ಜಸ್ಟ್ ನಾಟ್ ಬಿ ಎ ಪ್ರೋಗ್ರಾಮ್?"

ಧ್ವನಿ

ಮಗಳು ಬರುವುದನ್ನು ಬಿಟ್ಟಳು. ನಾನು ಬಿಡಲಿಲ್ಲ. ಯಾಕೆ ಅಂತ ಗಂಡ ಕೇಳುತ್ತಿದ್ದರು. ಬಿಟ್ಟರೆ ಪೋಸ್ಟರಿನಲ್ಲಿ ಫೋಟೋ ಹಾಕಲಿಕ್ಕೂ ಯಾರೂ ಇರುವುದಿಲ್ಲವಲ್ಲ ಅನ್ನಿಸುತ್ತಿತ್ತು, ಅಷ್ಟೇ.

ಕಾರ್ಯಕ್ರಮಕ್ಕೊಂದು ಸಮಿತಿ ಆಯಿತು. ಅದರಲ್ಲಿ ಬಣ್ಣದವರು ನಾನು ಮತ್ತು ನನ್ನ ಗೆಳತಿ ಇಬ್ಬರೇ. ಮೀಟಿಂಗನ್ನು ಮಾತ್ರ ತಪ್ಪದೆ ನಮ್ಮಿಬ್ಬರ ಶಿಫ್ಟಿನ ಹೊತ್ತಿಗೇ ಇಡುತ್ತಿದ್ದರು. ಕಡೆಗೊಮ್ಮೆ ನಾನು ಊಟದ ಬಿಡುವಿನಲ್ಲಿ, ಗೋಡೌನಿನ ಮೂಲೆಯಲ್ಲಿ ನಿಂತು, ಫೋನಿನಿಂದಲೇ ವೀಡಿಯೋ ಮೀಟಿಂಗಿಗೆ ಸೇರಿಕೊಂಡೆ.

ಜನ ಬರುವುದು ಕಡಿಮೆಯಾಗುತ್ತಿದೆ, ಏನು ಮಾಡೋಣ ಅನ್ನುವುದು ಚರ್ಚೆ. ನಾನು ಹೇಳಿದೆ: ಭಾಷಣ ಸಾಕು, ಒಟ್ಟಿಗೆ ಅಡುಗೆ ಮಾಡೋಣ, ಹಾಡೋಣ, ಯಾರೂ ಯಾರಿಗೂ ಪ್ರಶ್ನೆ ಕೇಳುವುದು ಬೇಡ. ಮನಸ್ಸಿನಲ್ಲಿದ್ದದ್ದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲಿನ ಮುಖಗಳೆಲ್ಲ ನನ್ನನ್ನೇ ನೋಡುತ್ತ, ಮೆಲ್ಲಗೆ ತಲೆಯಾಡಿಸುತ್ತಿದ್ದವು. ಎಷ್ಟು ಗಮನದಿಂದ ಕೇಳುತ್ತಿದ್ದಾರೆ ಅಂದುಕೊಂಡೆ.

ನಾನು ಮುಗಿಸಿದ ಮೇಲೆ ಅಧ್ಯಕ್ಷೆ ಹೇಳಿದರು: "ನಿಮ್ಮ ಧ್ವನಿ ನಮಗೆಲ್ಲ ಬಹಳ ಮುಖ್ಯ. ದಯವಿಟ್ಟು ಮ್ಯೂಟ್ ತೆಗೀತೀರಾ?"

ಮಡಿ

ಜನ ಬೇಕು ಅಂದರೆ ನಮ್ಮ ಕಡೆಯವರನ್ನೇ ಯಾಕೆ ಕರೆಯಬಾರದು ಅಂತ ಪಕ್ಕದೂರು ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಕನ್ನಡದವರು ಇಟ್ಟುಕೊಂಡಿದ್ದ ಯುಗಾದಿ ಊಟಕ್ಕೆ ಹೋದೆ. ಅಲ್ಲಿಂದ ನಮ್ಮ ಕಾರ್ಯಕ್ರಮಕ್ಕೆ ಯಾರೂ ಬರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಮೈಸೂರಿನ ಆಂಟಿಗೆ ನನ್ನ ಮೇಲೆ ಅಕ್ಕರೆ ಬಂತು.

"ನೀವು ಯಾವ ಪೈಕಿ?" ಅಂದರು.

"ಯಹೂದಿ ಅದೀವ್ರಿ ಆಂಟಿ."

"ಅಂದ್ರೆ ಕ್ರಿಶ್ಚಿಯನ್ಸಾ?"

"ಅಲ್ರಿ, ಅವರಕಿಂತ ಹಳಬರು."

ಆಂಟಿ ಕೋಸಂಬರಿ ಬಾಯಿಗೆ ಹಾಕಿಕೊಂಡು ಸ್ವಲ್ಪ ಯೋಚನೆ ಮಾಡಿದರು. "ವೆಜ್ಜಾ, ನಾನ್‌ವೆಜ್ಜಾ?"

"ನಾನ್‌ವೆಜ್ ರಿ. ಆದ್ರ ಹಂದಿ, ಸೀಗಡಿ ತಿನ್ನಂಗಿಲ್ಲ. ಮಾಂಸಕ್ಕ ಬ್ಯಾರೆ ಪಾತ್ರಿ, ಹಾಲು ಮೊಸರಿಗೆ ಬ್ಯಾರೆ ಪಾತ್ರಿ. ಮಾಂಸ ತಿಂದ ಮ್ಯಾಲೆ ತಾಸುಗಟ್ಟಲೆ ಮಜ್ಜಿಗಿ ಮುಟ್ಟಂಗಿಲ್ಲ. ಶನಿವಾರ ಒಲಿ ಹಚ್ಚಂಗಿಲ್ಲ."

ಆಂಟಿ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟರು. ಅವರ ಮುಖದಲ್ಲಿ ಗೌರವವೂ ಇತ್ತು, ಸಂಕಟವೂ ಇತ್ತು. "ಇಷ್ಟೆಲ್ಲಾ ಮಡಿ ಮಾಡ್ತೀರಲ್ಲಮ್ಮ, ಆ ಮಾಂಸ ಒಂದನ್ನ ಬಿಟ್ಟಿದ್ರೆ ನಮ್ಮವರೇ ಆಗಿಬಿಡ್ತಿದ್ರಿ."

ವಾರೆನ್

ಕಡೆಗೆ ಸಮಿತಿಯವರು ಕಾರ್ಯಕ್ರಮ ನಿಲ್ಲಿಸಿದರು. ನಿಲ್ಲಿಸಿದೆವು ಅನ್ನಲಿಲ್ಲ, ವಿರಾಮ ಕೊಟ್ಟಿದ್ದೇವೆ ಅಂದರು. ಅದು ನಿಲ್ಲುವ ಮೊದಲು ಒಂದೇ ಒಂದು ಕೆಲಸ ಮಾಡಬೇಕು ಅಂತ ನನಗೆ ಬಹಳ ಇತ್ತು.

ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿ ನಮ್ಮ ಸಮುದಾಯದ ಒಬ್ಬ ಆಂಟಿ ಮಗಳ ಜೊತೆ ಇದ್ದರು. ತೊಂಬತ್ತರ ಹತ್ತಿರದ ವಯಸ್ಸು, ಕಿವಿ ಪೂರ್ತಿ ಮಂದ. ನಮ್ಮಲ್ಲಿ ಮಲಿದಾ ಅಂತ ಒಂದು ಪೂಜೆಯಂಥದ್ದು ಇದೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣಿಟ್ಟು, ಎಲಿಯಾ ಪ್ರವಾದಿಯನ್ನು ಮನೆಗೆ ಕರೆಯುವುದು. ಆಗ ಹೆಂಗಸರು ಹೇಳುವ ಒಂದು ಮರಾಠಿ ಹಾಡು ಈ ಆಂಟಿಗೆ ಅವರ ಅಜ್ಜಿಯ ಧಾಟಿಯಲ್ಲಿ ಬರುತ್ತಿತ್ತು. ಮಾತುಗಳು ನನಗೂ ಗೊತ್ತು. ಧಾಟಿ ಮಾತ್ರ ನಾನು ಕೇಳಿದವರ ಪೈಕಿ ಇನ್ಯಾರಿಗೂ ಗೊತ್ತಿರಲಿಲ್ಲ. ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದೇ ಆ ಕೆಲಸ.

ಒಂದು ಭಾನುವಾರ ಬೆಳಿಗ್ಗೆ ಬೇಗ ಎದ್ದು ನಾನು, ಗಂಡ, ನರ್ಸ್ ಗೆಳತಿ ಡ್ರೈವ್ ಮಾಡಿಕೊಂಡು ಹೋದೆವು. ಮಗಳು ತಾನಾಗಿಯೇ ಬಂದು ಕಾರಿನಲ್ಲಿ ಕೂತಳು. ಆಂಟಿಯ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಏರ್ಪಾಡು. ಪ್ರಾರ್ಥನೆಗೆ ಹತ್ತು ಜನ ಯಹೂದಿಗಳಾದರೂ ಇರಬೇಕು ಅನ್ನುವುದು ನಮ್ಮ ನಿಯಮ. ಆಂಟಿಯ ಮನೆಯವರು, ಪರಿಚಯದವರು ಎಲ್ಲ ಸೇರಿ ನಾವು ಒಂಬತ್ತು ಜನ ಇದ್ದೆವು. ಬರುತ್ತೇನೆ ಅಂದ ಇನ್ನೊಬ್ಬರಿಗೆ ನೆಗಡಿ. ಕಾದೆವು. ಆಂಟಿ ಕಡೆಗೆ, "ನನಗೆ ಸುಸ್ತಾಗ್ತಿದೆ, ಬರೋರು ಬರ್ತಾರೆ," ಅಂತ ಸೆರಗು ತಲೆಯ ಮೇಲೆ ಎಳೆದುಕೊಂಡು ಶುರು ಮಾಡಿಯೇ ಬಿಟ್ಟರು. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವರ ಮುಂದೆ ಇಟ್ಟೆ.

ಆ ವಯಸ್ಸಿನಲ್ಲೂ ದನಿ ನಡುಗಲಿಲ್ಲ. ಮೊದಲ ಸಾಲು ಹೇಳಿದರು, ಎರಡನೆಯದು ಹೇಳಿದರು. ಮೂರನೆಯ ಸಾಲಿಗೆ ಬಾಗಿಲು ತೆರೆದು ಒಬ್ಬ ಒಳಗೆ ಬಂದ, ಮೂವತ್ತೈದು ವರ್ಷದವನು, ನಮ್ಮದೇ ಬಣ್ಣ. ಏನೋ ಗಟ್ಟಿಯಾಗಿ ಕೇಳಿದ. ಆಂಟಿಗೆ ಕಿವಿ ಕೇಳಿಸದು, ಹಾಡುತ್ತಲೇ ಇದ್ದರು. ಅವನು ಸುತ್ತ ನೋಡಿದ. ತಟ್ಟೆಯಲ್ಲಿ ಅವಲಕ್ಕಿ, ತೆಂಗಿನಕಾಯಿ, ಬಾಳೆಹಣ್ಣು. ಸೆರಗು ಹೊದ್ದ ಅಜ್ಜಿ. ತಕ್ಷಣ ಶೂ ಬಿಚ್ಚಿಟ್ಟು ಕೈ ಮುಗಿದು ನಿಂತ.

ಆಂಟಿ ಹಾಡು ಮುಗಿಸಿ ಕಣ್ಣು ತೆರೆದರು. ಬೆರಳು ಚಾಚಿ ಎಲ್ಲರನ್ನೂ ಎಣಿಸಿ, ಅವನ ಹತ್ತಿರ ಬಂದಾಗ "ಹತ್ತು" ಅಂದರು. ಅವರ ಮುಖದಲ್ಲಿ ಬಂದ ಬೆಳಕು ನೋಡಿ, ಅವನು ಯಹೂದಿಯಲ್ಲ ಅಂತ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ನನ್ನ ಗಂಡ ಅವನ ತಲೆಗೊಂದು ಪ್ರಾರ್ಥನೆಯ ಟೋಪಿ ಇಟ್ಟರು. ಪ್ರಾರ್ಥನೆಯ ಉದ್ದಕ್ಕೂ ಅವನು ನಮ್ಮೆಲ್ಲರಿಗಿಂತ ನೆಟ್ಟಗೆ ನಿಂತಿದ್ದ.

ಪ್ರಸಾದ ಕೊಟ್ಟಾಗ ಕಣ್ಣಿಗೊತ್ತಿಕೊಂಡು ತಿಂದ. ಊರು ದಾವಣಗೆರೆಯಂತೆ, ಅದೇ ಕಾಂಪ್ಲೆಕ್ಸಿನಲ್ಲಿ ಮನೆಯಂತೆ.

"ಆಂಟಿ, ಇದು ಯಾವ ದೇವರದು?" ಅಂತ, ನಾನು ಹುಬ್ಬಳ್ಳಿಯವಳು ಅಂತ ಗೊತ್ತಾದ ಮೇಲೆ, ನನ್ನನ್ನು ಕನ್ನಡದಲ್ಲೇ ಕೇಳಿದ.

"ದೇವರಲ್ಲಪ್ಪ, ಎಲಿಯಾ ಅಂತ ಪ್ರವಾದಿ. ಕರೆದ್ರ ಬಾಗಿಲಿಗೆ ಬರ್ತಾನಂತ ನಂಬಿಕಿ."

"ಒಳ್ಳೇದಾಯ್ತು ಆಂಟಿ. ನಾನು ಗ್ಯಾರೇಜಿಗೆ ಅಡ್ಡ ನಿಂತಿರೋ ಕಾರು ತೆಗೆಸೋಕೆ ಬಂದಿದ್ದೆ."

ಇದನ್ನು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ನಾವೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಯಾಕೆ ಅಂತ ಗೊತ್ತಾಗದಿದ್ದರೂ ಆಂಟಿಯೂ ನಕ್ಕರು.

ಆ ಚಳಿಗಾಲ ಕಳೆಯುವುದರೊಳಗೆ ಆಂಟಿ ತೀರಿಕೊಂಡರು. ಧಾಟಿ ಕಲಿಯೋಣ ಅಂತ ಮಗಳೂ ನಾನೂ ಅಡುಗೆಮನೆಯಲ್ಲಿ ಕೂತು ಫೋನು ಹಚ್ಚಿದೆವು. ಒಂದನೆಯ ಸಾಲು ಚೆನ್ನಾಗಿ ಬಂದಿತ್ತು, ಎರಡನೆಯದೂ ಬಂದಿತ್ತು. ಧಾಟಿ ಏರಿ ತಿರುಗುವುದು ಮೂರನೆಯ ಸಾಲಿನಲ್ಲಿ. ಮಗಳು ಹೆಡ್‌ಫೋನ್ ಹಾಕಿಕೊಂಡು ಹಿಂದೆ ಮುಂದೆ ಮಾಡಿ ಎಷ್ಟೋ ಸಲ ಕೇಳಿದಳು. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಮಾಮ್, ಇಟ್ಸ್ ಗಾನ್," ಅಂದಳು.

ಅಜ್ಜಿಯಿಂದ ಮೊಮ್ಮಗಳಿಗೆ ಅಂತ ಅಷ್ಟು ದೂರದಿಂದ ಬಂದ ಹಾಡು. ಅದರ ಮೂರನೆಯ ಸಾಲಿನಲ್ಲಿ ಈಗ ಉಳಿದಿರುವುದು ದಾವಣಗೆರೆಯ ಇಂಗ್ಲಿಷಿನಲ್ಲಿ ಒಂದೇ ಮಾತು, ಅದೂ ಬಹಳ ಸ್ಪಷ್ಟವಾಗಿ: "ಎಕ್ಸ್‌ಕ್ಯೂಸ್ ಮಿ, ಹೂ ಈಸ್ ವೈಟ್ ಕಾರ್?"