ಓಡುವ ಫಟ್‌ಫಟಿಯಿಂದ ಬೀಗರಿಗೆ ನಮಸ್ಕಾರ

ಮೋಟಾರ್ ಸೈಕಲ್ ಪಂದ್ಯ ಗೆಲ್ಲುವುದಕ್ಕೆ ಬೇಕಾದದ್ದು ಎರಡೇ: ಒಂದು ಮೋಟಾರ್ ಸೈಕಲ್, ಇನ್ನೊಂದು ಧೈರ್ಯ. ಮೊದಲನೆಯದು ನನ್ನ ಬಳಿ ಇತ್ತು. ಎರಡನೆಯದೂ, ಮೊದಲನೆಯದರ ಮೇಲೆ ಹತ್ತಿ ಕೂರುವ ತನಕ ಧಾರಾಳವಾಗಿಯೇ ಇತ್ತು.

ಅದು ಬಿಳಿ ದೊರೆಗಳ ಕಾಲ. ಪಕ್ಕದ ಎಸ್ಟೇಟಿನ ದೊರೆ ವಿಲಾಯಿತಿಗೆ ಹೊರಟಾಗ ತನ್ನ ನಾಯಿಯನ್ನು ಜೊತೆಗೆ ಕರೆದುಕೊಂಡು, ಮೋಟಾರ್ ಸೈಕಲನ್ನು ನನಗೆ ಮಾರಿ ಹೋದ. ಎರಡರಲ್ಲಿ ಹೇಳಿದ ಮಾತು ಕೇಳುವುದು ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಡೆ ಅದನ್ನು ಫಟ್‌ಫಟಿ ಎನ್ನುತ್ತಿದ್ದರು. ಅದರ ಗುಣವಿಶೇಷಗಳನ್ನು ಇಲ್ಲಿ ನಮೂದಿಸುವುದು ಅಗತ್ಯ. ಇಬ್ಬರು ಸೇರಿ ತಳ್ಳಿದರೆ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ವೇಗಕ್ಕೆಂದು ಹ್ಯಾಂಡಲ್ಲಿನ ಮೇಲೆ ಒಂದು ಸಣ್ಣ ಕಡ್ಡಿ; ಅದನ್ನು ಎಲ್ಲಿಗೆ ತಿರುಗಿಸಿ ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು. ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಬ್ರೇಕೂ ಇತ್ತು. ಒತ್ತಿದರೆ ಗಾಡಿ ಒಮ್ಮೆ ಕಿರುಚಿ, ತನ್ನ ಅಸಮ್ಮತಿಯನ್ನು ಸೂಚಿಸಿ, ಮುಂದೆ ಹೋಗುತ್ತಿತ್ತು.

ಆ ವರ್ಷ ಮೂಡಿಗೆರೆಯ ಹೊರಗಿದ್ದ ಪ್ಲಾಂಟರುಗಳ ಕ್ಲಬ್ಬಿನವರು ಹೊಸಬರಿಗೆಂದೇ ಒಂದು ಮೋಟಾರ್ ಸೈಕಲ್ ಪಂದ್ಯ ಇಟ್ಟರು. ಕ್ಲಬ್ಬಿನಿಂದ ಹೊರಟು, ಜಾವಳಿ ದಾರಿಯ ಕವಲಿನಲ್ಲಿಟ್ಟ ಡಾಂಬರು ಪೀಪಾಯಿಯನ್ನು ಸುತ್ತಿ, ಅದೇ ದಾರಿಯಲ್ಲಿ ವಾಪಸು ಬರಬೇಕು. ಈ ಸಲ ನಮ್ಮವರೂ ಸೇರಬಹುದು ಎಂದರು. ನಮ್ಮವರು ಎಂದರೆ ನಾನೊಬ್ಬನೇ. ಫಟ್‌ಫಟಿ ಬೇರೆ ಯಾರ ಬಳಿಯೂ ಇರಲಿಲ್ಲ.

ಪಕ್ಕದ ತೋಟದ ಮಂಜಪ್ಪ ಬಂದು ಜಗಲಿಯ ಮೇಲೆ ಕೂತ.

“ನೀನು ಸೇರದಿದ್ರೆ ನಮ್ಮೆಲ್ಲರ ಮಾನ ಹೋಗುತ್ತೆ ಮಾರಾಯ.”

“ಸೇರಿದ್ರೆ?”

“ಸೇರಿದ್ರೆ ನಿನ್ನದೊಂದೇ ಹೋಗುತ್ತೆ.”

ಇಷ್ಟು ನ್ಯಾಯವಾದ ಮಾತಿಗೆ ಎದುರಾಡುವುದು ಹೇಗೆ? ಹೋಗಿ ಹೆಸರು ಕೊಟ್ಟು ಬಂದೆ.

ನನ್ನ ಹೆಂಡತಿ ಲಕ್ಷ್ಮಮ್ಮ ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದಳು. ಸುದ್ದಿ ಕೇಳಿ ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು.

“ಜಾವಳಿ ದಾರೀಲಿ ಯಾರ ಮನೆ ಇದೆ, ನೆನಪಿದ್ಯಾ?” ಎಂದು ಮಾತ್ರ ಕೇಳಿದಳು.

ನೆನಪಾಯಿತು. ಆ ದಾರಿಯಲ್ಲಿ, ರಸ್ತೆಗೆ ಅಂಟಿಕೊಂಡಂತೆ, ತಿಮ್ಮಪ್ಪಗೌಡರ ಮನೆ! ಅವರು ತಮ್ಮ ಕಿರಿಯ ಮಗನಿಗೆ ನನ್ನ ತಂಗಿ ಕಮಲಳನ್ನು ನೋಡಿಕೊಂಡು ಹೋಗಿ ತಿಂಗಳು ಕಳೆದಿತ್ತು. ಹುಡುಗ ಚಿನ್ನದಂಥವನು. ಕಮಲಳಿಗೂ ಮನಸ್ಸಿತ್ತು, ಆ ಮನೆಯ ಮಾತು ಬಂದಾಗಲೆಲ್ಲ ನಾಚಿ ಒಳಗೆ ಓಡಿ, ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. “ಯೋಚಿಸಿ ಹೇಳ್ತೀವಿ” ಎಂದು ಹೋದ ಗೌಡರು ಇನ್ನೂ ಯೋಚಿಸುತ್ತಲೇ ಇದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಯಜಮಾನ ನಾನು. ಸಂಬಂಧ ಕುದುರಿದರೆ ಕಮಲಳ ಅದೃಷ್ಟ, ಮುರಿದರೆ ನನ್ನ ತಪ್ಪು ಎಂಬುದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

“ಬೀಗರಾಗೋರ ಮನೆ ಮುಂದೆ ಹಾದು ಹೋಗಿ ಒಳಗೆ ಕಾಲಿಡದಿದ್ರೆ ಅವರು ಏನಂದ್ಕೋತಾರೆ? ಬೆಲ್ಲ ನೀರಾದ್ರೂ ಕುಡೀಬೇಡ್ವಾ?”

“ಅದು ಪಂದ್ಯ ಕಣೇ! ನಿಂತ್ರೆ ಗಾಡಿ ಮತ್ತೆ ಹೊರಡಲ್ಲ. ತಳ್ಳೋಕೆ ಇಬ್ಬರು ಬೇಕು.”

“ಬೀಗರೂ ಅವರ ಮಗನೂ ಇದ್ದಾರಲ್ಲ, ಹೇಳಿ ತಳ್ಳೋಕೆ.”

ನಾನು ಊಟಕ್ಕೆ ಕೂತು ಗಂಭೀರವಾಗಿ ಆಲೋಚಿಸಿದೆ. ನಿಲ್ಲುವಂತಿಲ್ಲ. ನಿಲ್ಲದೆ ಹೋಗುವಂತೆಯೂ ಇಲ್ಲ. ಒಂದು ಕೈ ಎತ್ತಿದರೆ ಅದು ದೊರೆಗೆ ಹೊಡೆಯುವ ಸಲಾಮು. ಬೀಗರಿಗೆ ಎರಡು ಕೈಯೂ ಬೇಕು. ಎರಡು ಕೈ! ವೇಗದ ಕಡ್ಡಿ ಹೇಗೂ ಇಟ್ಟಲ್ಲೇ ನಿಲ್ಲುತ್ತದೆ. ಓಡುವ ಗಾಡಿಯ ಮೇಲೇ ಕೈ ಮುಗಿದರೆ ಪಂದ್ಯವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಈ ಉಪಾಯ ಇಡೀ ಮೈಸೂರು ಸೀಮೆಯಲ್ಲಿ ಇದುವರೆಗೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ಹಿಗ್ಗಿದೆ. ಯಾಕೆ ಹೊಳೆದಿಲ್ಲ ಎಂಬುದು ಆಮೇಲೆ ತಿಳಿಯಿತು.

ಮರುದಿನದಿಂದ ಅಭ್ಯಾಸ. ನಮ್ಮ ಗುಡ್ಡಗಾಡಿನಲ್ಲಿ ಸಮತಟ್ಟಾದ ಜಾಗ ಎಂದರೆ ಕಾಫಿ ಕಣವೊಂದೇ. ಅದರ ಅಂಚಿನಲ್ಲಿ ಲಕ್ಷ್ಮಮ್ಮನನ್ನು ತಿಮ್ಮಪ್ಪಗೌಡರನ್ನಾಗಿ ನೇಮಿಸಿ ನಿಲ್ಲಿಸಿದೆ. ಮೇಸ್ತ್ರಿ ರಂಗಪ್ಪನೂ ಇನ್ನೊಬ್ಬ ಆಳೂ ಸೇರಿ ತಳ್ಳಿದರು. ಗಾಡಿ ಗುಡುಗಿತು. ಗೌಡರ ಸಮೀಪಕ್ಕೆ ಬಂದೆ. ಎರಡು ಕೈ ಎತ್ತಿ ಭಕ್ತಿಯಿಂದ ಮುಗಿದೆ.

ಗೌಡರು “ಅಯ್ಯಯ್ಯೋ!” ಎಂದು ಸೆರಗು ಕಟ್ಟಿಕೊಂಡು ಓಡಿದರು.

ಗಾಡಿ ತನ್ನ ಪಾಡಿಗೆ ಎಡಕ್ಕೆ ತಿರುಗಿ, ಸಿಪ್ಪೆ ಸುಲಿದು ತೊಳೆದು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು ಉತ್ತುಕೊಂಡು ಹೋಗಿ, ಆಚೆ ಸಿಪ್ಪೆ ಸಮೇತ ಒಣಗುತ್ತಿದ್ದ ಚೆರ್ರಿಯ ರಾಶಿಗೆ ಸೇರಿಸಿ ಮಲಗಿತು. ನಾನು ಅದರ ಕೆಳಗೆ, ಮುಗಿದ ಕೈ ಮುಗಿದಂತೆಯೇ.

ರಂಗಪ್ಪ ಬಗ್ಗಿ ನೋಡಿದ. “ಅಯ್ಯಾ, ಎರಡೂ ಬೆರೆತು ಹೋತು.”

“ನನಗೇನೂ ಆಗಿಲ್ಲ ರಂಗಪ್ಪ.”

“ನಿಮ್ಮನ್ನ ಕೇಳಿಲ್ಲ ಅಯ್ಯಾ. ಕಾಫಿ ವಿಷ್ಯ ಹೇಳ್ದೆ.”

ಹೆಣ್ಣಾಳುಗಳು ಕೂತು ಚೆರ್ರಿಯಿಂದ ಪಾರ್ಚ್‌ಮೆಂಟ್ ಆರಿಸಿದರು. ಆರಿಸುತ್ತಾ ನಕ್ಕದ್ದೇ ಹೆಚ್ಚು. ಆದರೂ ನಾನು ಛಲ ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ, ಗಾಡಿಗೇ ಬೇಸರ ಬಂದಿತ್ತೋ ಏನೋ, ಕೈ ಬಿಟ್ಟರೂ ನೆಟ್ಟಗೆ ಹೋಯಿತು. ವಿದ್ಯೆ ಕೈವಶವಾಯಿತೆಂದು ಘೋಷಿಸಿದೆ. ನನ್ನ ನಮಸ್ಕಾರ ಖಾಲಿ ಬೇಲಿಗೆ ಬಿದ್ದು ವ್ಯರ್ಥವಾಗಬಾರದಲ್ಲ! ಅದಕ್ಕೆ ರಂಗಪ್ಪನನ್ನು ಗೌಡರ ಮನೆಗೆ ಕಳಿಸಿ, “ಪಂದ್ಯದ ದಿನ ಅಯ್ಯ ನಿಮ್ಮ ಮನೆ ಮುಂದೆ ಕೈ ಮುಗಿದು ಹಾದು ಹೋಗ್ತಾರೆ, ದಯವಿಟ್ಟು ಎಲ್ಲರೂ ಬೇಲಿ ಹತ್ರ ನಿಂತಿರಬೇಕಂತೆ” ಎಂದು ಹೇಳಿಸಿದೆ. ಜನ ಸೇರಿಸಿ ಬೀಳುವುದೆಂದರೆ ಇದು!

ಪಂದ್ಯದ ದಿನ ಸ್ಪರ್ಧಿಗಳು ಮೂವರು: ಇಬ್ಬರು ಎಳೆಯ ದೊರೆಗಳು ಮತ್ತು ನಾನು. ಕ್ಲಬ್ಬಿನವರು ಕರವಸ್ತ್ರ ಬೀಸಿದರು. ದೊರೆಗಳು ಹೊರಟರು. ಮಂಜಪ್ಪ, ರಂಗಪ್ಪ ನನ್ನನ್ನು ತಳ್ಳಿದರು. ಇನ್ನೊಮ್ಮೆ ತಳ್ಳಿದರು. ದೊರೆಗಳು ಎಬ್ಬಿಸಿದ ದೂಳು ಅಡಗಿದ ಮೇಲೆ ನನ್ನ ಗಾಡಿ ಕೆಮ್ಮಿ ಎದ್ದಿತು.

“ಹೋಗು ಮಾರಾಯ, ದೇವರಿದ್ದಾನೆ!” ಎಂದು ಮಂಜಪ್ಪ ಏದುಸಿರು ಬಿಡುತ್ತಾ ಕೂಗಿದ.

ದಾರಿ ನಡುವೆ ಒಬ್ಬ ದೊರೆ ಇಳಿದು ಚಕ್ರವನ್ನು ಒದೆಯುತ್ತಿದ್ದ. ಅವನನ್ನು ದಾಟಿದೆ! ನಾನೀಗ ಎರಡನೆಯವನು! ಆ ಕ್ಷಣ ಗೆಲುವು ನನ್ನ ಕಿವಿಯಲ್ಲಿ ಊದುತ್ತಿತ್ತು. ತಿರುವು ದಾಟಿದೊಡನೆ ಗೌಡರ ಮನೆ ಕಂಡಿತು. ಬೇಲಿಯುದ್ದಕ್ಕೂ ಜನ. ತಿಮ್ಮಪ್ಪಗೌಡರು ಜರಿ ರುಮಾಲು ಸುತ್ತಿದ್ದಾರೆ. ಪಕ್ಕದಲ್ಲಿ ಅವರ ಮುದಿ ತಾಯಿ, ಮಗ, ಸೊಸೆಯಂದಿರು, ಆಳುಕಾಳು. ಕಡ್ಡಿಯನ್ನು ಹದಕ್ಕೆ ಬಿಟ್ಟು, ಎರಡು ಕೈ ಎತ್ತಿ, ಹಲ್ಲು ಕಾಣದಷ್ಟು ನಕ್ಕು, ಮುಗಿದೆ.

ಗಾಡಿ ನೆಟ್ಟಗೇ ಇತ್ತು. ನಾನು ಅಭ್ಯಾಸ ಮಾಡದೆ ಬಿಟ್ಟಿದ್ದದ್ದು ಮುಂದಿನದು: ಅವರೂ ತಿರುಗಿ ಕೈ ಮುಗಿದರು! ಮೊದಲು ಗೌಡರು. ಆಮೇಲೆ ಮಗ. ಕೊನೆಗೆ ಅಜ್ಜಿ, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಿಧಾನವಾಗಿ. ಹಿರಿಯರು ಕೈ ಇಳಿಸುವ ಮೊದಲು ಕಿರಿಯನು ಇಳಿಸಬಹುದೇ? ಅದೂ ಹೆಣ್ಣಿನ ಕಡೆಯವನು? ಅಜ್ಜಿಯ ಕೈ ಇಳಿಯುವುದನ್ನೇ ನೋಡುತ್ತಾ ಹೋದೆ. ಅಜ್ಜಿಗೆ ಅವಸರವಿರಲಿಲ್ಲ.

ನೋಡಿದ ಕಡೆಗೇ ಗಾಡಿ ಹೋಯಿತು. ಬೇಲಿ ತಡೆಯಬೇಕಿತ್ತು. ಆದರೆ ಬರುವ ನೆಂಟರ ಗೌರವಾರ್ಥ ಗೌಡರು ಬೇಲಿಬಾಗಿಲಿಗೆ ಅಡ್ಡ ಹಾಕುವ ಉಣುಗೋಲುಗಳನ್ನು ಮೊದಲೇ ಸರಿಸಿ ಇಡಿಸಿದ್ದರು! ಕೈ ಮುಗಿದುಕೊಂಡೇ ಒಳಹೊಕ್ಕೆ. ಕೈ ಮುಗಿದುಕೊಂಡೇ ಅಂಗಳ ದಾಟಿದೆ. ಕೋಳಿಗಳು ದಾರಿ ಬಿಟ್ಟವು. ಕೊಟ್ಟಿಗೆಯ ಪಕ್ಕದ ಗೊಬ್ಬರದ ಗುಂಡಿ ಬಿಡಲಿಲ್ಲ.

ಎಬ್ಬಿಸಿದವರು ತಿಮ್ಮಪ್ಪಗೌಡರೇ. “ಬನ್ನಿ, ಬನ್ನಿ. ನಿಮ್ಮ ಮೇಸ್ತ್ರಿ ‘ಹಾದು ಹೋಗ್ತಾರೆ’ ಅಂದ. ನಮ್ಮ ಮನೆ ಮುಂದೆ ನೆಂಟರು ಹಾದು ಹೋಗೋದುಂಟೇ ಅಂತ ಕೋಳಿ ಕೊಯ್ಸಿಬಿಟ್ಟೆ.”

“ಗೌಡ್ರೇ, ಪಂದ್ಯ...”

“ಅದು ಎಲ್ಲಿಗೆ ಹೋಗುತ್ತೆ? ಮೊದಲು ಕಾಲಿಗೆ ನೀರು ತಗೊಳ್ಳಿ.” ಒಮ್ಮೆ ಮೇಲಿಂದ ಕೆಳಗೆ ನೋಡಿ ತಿದ್ದಿದರು, “ಮೈಗೂ.”

ಬೆಲ್ಲ ನೀರು ಬಂತು. ಆಮೇಲೆ ಕಾಫಿ. ಆಮೇಲೆ ಕಡುಬು, ಕೋಳಿಸಾರು. ಸೊಸೆಯಂದಿರು ಬಾಗಿಲ ಸಂದಿಯಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಹಳ್ಳಕ್ಕೆ ಬಿದ್ದವರನ್ನು ಎತ್ತಲೆಂದು ಸ್ಪರ್ಧಿಗಳ ಹಿಂದೆ ಬಂದ ಕ್ಲಬ್ಬಿನ ಜವಾನನನ್ನೂ ಅಜ್ಜಿ ಬಿಡದೆ ಎಲೆ ಮುಂದೆ ಕೂರಿಸಿದರು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಫಟ್‌ಫಟಿ ವಾಪಸು ಹೋದ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಇನ್ನೊಂದು ಕಡುಬು ಮುರಿದೆ.

ಅಜ್ಜಿ ಮರುಗಿದರು. “ಪಾಪ, ಯಾರ ಮಕ್ಕಳೋ! ಊಟದ ಹೊತ್ತಲ್ಲೂ ಕರೆದು ಒಂದು ತುತ್ತು ಹಾಕೋರಿಲ್ಲ ನೋಡು ಅವಕ್ಕೆ.”

ಪಂದ್ಯ ಹೋಯಿತು. ಇನ್ನು ಕಮಲಳ ಗತಿ? ಗೊಬ್ಬರದ ಗುಂಡಿಯಿಂದೆದ್ದು ಬಂದವನ ತಂಗಿಯನ್ನು ಯಾರು ತಂದುಕೊಳ್ಳುತ್ತಾರೆ! ಕೈ ತೊಳೆದು ಎಲೆಯಡಿಕೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತೆ. ಗೌಡರು ಗಂಟಲು ಸರಿಮಾಡಿಕೊಂಡರು.

“ಹುಡುಗಿ ವಿಷಯದಲ್ಲಿ ನಮಗೆ ಮೊದಲಿಂದ್ಲೂ ಎರಡು ಮಾತಿಲ್ಲ. ಅನುಮಾನ ಇದ್ದದ್ದು ನಿಮ್ಮ ಮೇಲೆ.”

“ನನ್ನ ಮೇಲಾ?”

“ಫಟ್‌ಫಟಿ ತಗೊಂಡಿದ್ದಾನೆ, ಪಂದ್ಯಕ್ಕೆ ಬೇರೆ ಸೇರಿದ್ದಾನೆ ಅಂದ್ರು. ಒಂದ್ಸಲ ಗೆದ್ದ ರುಚಿ ಹತ್ತಿದ್ರೆ ಮನುಷ್ಯ ಮನೆ ಮಠ ನೋಡ್ತಾನಾ? ನಾಳೆ ತೋಟ ಮಾರ್ಕೊಂಡು ಬೀಗರ ಮನೆಗೆ ಬಂದು ಕೂತ್ರೆ ಏನು ಗತಿ ಅಂತ ಹಿಂದೆ ಮುಂದೆ ನೋಡ್ತಿದ್ದೆ.” ಒಂದು ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗಿಟ್ಟರು. “ಇವತ್ತು ಕಣ್ಣಾರೆ ನೋಡ್ದೆ. ನಿಮಗೆ ಆ ರುಚಿ ಹತ್ತೋ ಭಯ ಇಲ್ಲ. ದಿನ ನೋಡಿ, ಲಗ್ನ ಇಟ್ಟುಕೊಳ್ಳೋಣ.”

ಅಜ್ಜಿ ಒಳಗಿಂದಲೇ ಸೇರಿಸಿದರು: “ಕೈ ಮಾತ್ರ ಚೆನ್ನಾಗಿ ಮುಗೀತಾನೆ.”

ಫಟ್‌ಫಟಿಯನ್ನು ಗೌಡರ ಎತ್ತಿನ ಗಾಡಿಗೆ ಹೇರಿಕೊಂಡು ಊರಿಗೆ ಬಂದೆ. ಲಕ್ಷ್ಮಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. ಬಾಗಿಲ ಹಿಂದೆ ಕಮಲಳ ಬಳೆ ಸದ್ದು.

“ಸಂಬಂಧ ಕುದುರಿತು!” ಎಂದೆ. ಬಳೆಗಳು ಜಲ್ಲೆಂದು ಅಡುಗೆಮನೆಗೆ ಓಡಿದವು. “ನಾನು ಗಾಡಿ ಓಡಿಸಿದ ರೀತಿ ನೋಡಿಯೇ ಗೌಡರು ಒಪ್ಪಿದ್ದು,” ಎಂದು, ಸತ್ಯಕ್ಕೆ ಕಿಂಚಿತ್ತೂ ಲೋಪ ಬಾರದಂತೆ, ಗಂಭೀರವಾಗಿ ಸೇರಿಸಿದೆ.

ಲಕ್ಷ್ಮಮ್ಮ ಹತ್ತಿರ ಬಂದಳು. ಮೂಸಿದಳು. ಮೂರು ಹೆಜ್ಜೆ ಹಿಂದೆ ಸರಿದಳು.

“ಒಪ್ಪಿದ್ದನ್ನ ಊರಿಗೆಲ್ಲ ಹೇಳಿ. ಹೇಗೆ ಒಪ್ಪಿದ್ರು ಅನ್ನೋದನ್ನ ಯಾರಿಗೂ ಹೇಳ್ಬೇಡಿ. ಮೊದಲು ಬಚ್ಚಲಿಗೆ ನಡೀರಿ.”

ಗೆದ್ದ ದೊರೆಗೆ ಬೆಳ್ಳಿ ಬಟ್ಟಲು ಕೊಟ್ಟರಂತೆ, ಎರಡನೆಯವನಿಗೆ ಸಿಗರೇಟು ಡಬ್ಬಿ. ಮೂರನೆಯ ಸ್ಪರ್ಧಿಗೆ ಸಿಕ್ಕಿದ್ದು ಒಂದು ಹಂಡೆ ಬಿಸಿನೀರು. ಅದಕ್ಕೂ ಸೌದೆ ನಾನೇ ಒಡೆಯಬೇಕಾಯಿತು!