ಡಯಾಂಥಸ್‌ಗೆ ಬೋದು ಏರಿಸಿದ ವಾರ

ನನ್ನ ಹೆಸರು ಶೀತಲ. ಹೆಸರಿಟ್ಟ ಅಜ್ಜಿಗೆ ಮುಂದಾಲೋಚನೆ ಇರಲಿಲ್ಲ. ನಾನು ಕೂತಲ್ಲಿ ಕೂಡುವವನಲ್ಲ. ಕೂತರೂ ಕಾಲು ಅಲುಗುತ್ತಿರುತ್ತದೆ, ಬಾಯಿ ಯಾರದಾದರೂ ದನಿ ತೆಗೆಯುತ್ತಿರುತ್ತದೆ. ಹಾರೂಗೇರಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮ ಎಮ್ಮೆಯವರೆಗೆ ಎಲ್ಲರ ಧ್ವನಿಯೂ ನನಗೆ ಬರುತ್ತದೆ. ಹೊಲದ ಕೆಲಸವೊಂದು ಬರುವುದಿಲ್ಲ ಎಂಬುದು ಅಪ್ಪನ ದೂರು. ಇಂಥ ನನ್ನ ಕೈಗೆ, ಒಂದು ವಾರದ ಮಟ್ಟಿಗೆ, ಮನೆಯ ಮುಂದಿನ ಡಯಾಂಥಸ್ ಗಿಡಗಳ ಸಂಪೂರ್ಣ ಆಡಳಿತ ಬಂತು.

ಗಿಡಗಳು ಅಣ್ಣನ ಹೆಂಡತಿಯವು. ನಾವು ವೈನಿ ಎನ್ನುತ್ತೇವೆ. ಅವರ ತಾಯಿ ನಿಪ್ಪಾಣಿಯಿಂದ ಟೊಂಗೆ ಕೊಟ್ಟು ಹಚ್ಚಿಸಿದ್ದು. ಹುಲ್ಲಿನಂಥ ಬೂದುಹಸಿರು ಎಲೆ, ಅಂಚನ್ನು ಕತ್ತರಿಯಿಂದ ಚೂರು ಚೂರೇ ಕತ್ತರಿಸಿದಂಥ ಗುಲಾಬಿ ಹೂವು, ಮೂಗು ಹತ್ತಿರ ಒಯ್ದರೆ ಲವಂಗದ ವಾಸನೆ. ತವರಿಗೆ ಹೊರಟ ವೈನಿ ಬ್ಯಾಗು ಹೆಗಲಿಗೇರಿಸಿ ಹೇಳಿದರು:

"ಶೀತಲ, ನೀ ಏನೂ ಮಾಡಬ್ಯಾಡ. ಮಣ್ಣು ಪೂರಾ ಒಣಗಿದರ ಒಂದು ಚರಿಗಿ ನೀರು. ಬಾಡಿದ ಹೂ ಚಿವುಟು. ಇವು ವರ್ಷಾ ವರ್ಷಾ ಅದ ಬೇರಿಂದ ಬರತಾವು, ಸುಮ್ಮನ ಬಿಟ್ಟರ ಸಾಕು. ಹೊಳ್ಳಿ ಬರೂವಾಗ ಅವ್ವನೂ ಬರತಾಳ. ಹೂ ನೋಡಿ ಖುಷಿ ಆದಳಂದರ ಅಕಿ ಅಣ್ಣನ ಮಗಳ ವಿಷಯ ತೆಗೀತೀನಿ."

ಆ ಮಗಳನ್ನು ನಾನು ಅಣ್ಣನ ಮದುವೆಯಲ್ಲಿ ನೋಡಿದ್ದೆ. ನನ್ನ ಎಮ್ಮೆಯ ಧ್ವನಿಗೆ ನಕ್ಕ ಏಕೈಕ ಹುಡುಗಿ. ಮಾವಶಿ, ಅಂದರೆ ವೈನಿಯ ತಾಯಿ, ಹ್ಞೂಂ ಅಂದರೆ ಆ ಮನೆಯಲ್ಲಿ ಎಲ್ಲರೂ ಹ್ಞೂಂ.

ಇಷ್ಟು ದೊಡ್ಡ ವಿಷಯ ಗಿಡಗಳ ಮೇಲೆ ನಿಂತಿರುವಾಗ ಸುಮ್ಮನಿರುವುದು ಹೇಗೆ? ಸಂಜೆ ನೋಡಿದೆ. ಎಲೆ ಬೂದಿ ಬೂದಿ. ಕಬ್ಬಿನ ನಾಡಿನಲ್ಲಿ ಹುಟ್ಟಿದವನಿಗೆ ಎಲೆಯ ಬಣ್ಣ ಕೆಟ್ಟರೆ ಗೊತ್ತಾಗುವುದು ಒಂದೇ: ನೀರಡಿಕೆ. ಬೋರಿನ ಪೈಪು ಬಿಟ್ಟೆ. ಮರುದಿನವೂ ಬಿಟ್ಟೆ. ಎಲೆ ಹಳದಿಯಾಯಿತು. ಹಳದಿ ಎಂದರೆ ಶಕ್ತಿ ಸಾಲದು. ಒಂದು ಬುಟ್ಟಿ ಕುರಿಗೊಬ್ಬರ ಸುರಿದೆ. ಗಿಡ ವಾಲಿತು. ವಾಲುವ ಕಬ್ಬಿಗೆ ನಮ್ಮಲ್ಲಿ ಬೋದು ಏರಿಸುತ್ತಾರೆ, ಅಂದರೆ ಬುಡಕ್ಕೆ ಮಣ್ಣು ಪೇರಿಸುತ್ತಾರೆ. ಡಯಾಂಥಸ್‌ಗೂ ಏರಿಸಿದೆ. ಗೇಣುದ್ದದ ಗಿಡ ಕುತ್ತಿಗೆಯವರೆಗೆ ಮುಚ್ಚಿಹೋಯಿತು. ತಂಪಿರಲಿ ಎಂದು ಮೇಲೆ ಕಬ್ಬಿನ ಒಣಗರಿ, ಅಂದರೆ ರವದಿಯನ್ನೂ ಹಾಸಿದೆ.

ಎರಡು ದಿನಕ್ಕೆ ಲವಂಗದ ವಾಸನೆ ಹೋಗಿ ಬೇರೊಂದು ವಾಸನೆ ಬಂತು.

ಆಗಲೇ ಕಟ್ಟೆಯ ಮೇಲೆ ಅಪ್ಪನ ಮೊಬೈಲು ಬಡಿದುಕೊಂಡಿತು. ವೈನಿ. ಅಪ್ಪ ಕಾಣಲಿಲ್ಲ. ನಾನು ಎರಡು ಸಲ ಕೆಮ್ಮಿ ಅಪ್ಪನಾದೆ.

"ಮಾವಾರ, ಹುಡುಗ ಗಿಡಕ್ಕ ಏನೂ ಮಾಡಿಲ್ಲ ಹೌದಲ್ರಿ?"

"ಭಾಳ ಶಾಣ್ಯಾ ಆಗ್ಯಾನವಾ. ಹೊಳ್ಳಿ ಸುದ್ದ ನೋಡಿಲ್ಲ. ಹೂ ಅಂದರ ಹೂ, ಬಂದ ನೋಡಬೇಕು ನೀವು."

"ಹಂಗಾರ ನಾಳೆ ಮುಂಜಾನೇನ ಬರತೀವ್ರಿ. ಅವ್ವಗೂ ತಡಿಯಾಕ ಆಗವಲ್ದು."

ಫೋನಿಟ್ಟು ತಿರುಗಿದೆ. ಎಮ್ಮೆಯ ಹಗ್ಗ ಹಿಡಿದು ಅಪ್ಪ ನಿಂತಿದ್ದರು.

"ನಾ ಇಷ್ಟ ಕೆಮ್ಮತೀನೇನಲೇ?"

ಮುಂಜಾನೆ ಬೇಗ ಎದ್ದು ರವದಿ ಸರಿಸಿದೆ. ಕೊಳೆತ ದಂಟುಗಳು. ಇದ್ದಕ್ಕಿದ್ದಂತೆ ವೈನಿಯ ಮಾತಿನ ಅರ್ಥ ಹೊಳೆಯಿತು. ವರ್ಷ ವರ್ಷ ಅದೇ ಬೇರಿನಿಂದ ಬರುವುದು ಎಂದರೆ ಕುಳೆ ಕಬ್ಬು. ಕುಳೆ ಚೆನ್ನಾಗಿ ಒಡೆಯಬೇಕಾದರೆ ನೆಲಮಟ್ಟಕ್ಕೆ ಕೊಯ್ಯಬೇಕು. ಕುಡುಗೋಲು ತಂದೆ. ಕೊಯ್ದೆ. ಕಬ್ಬು ಕಡಿದ ಹೊಲದಲ್ಲಿ ಮಾಡುವಂತೆ ರವದಿ ಸುಡಲೆಂದು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಾಗ ಅಂಗಳಕ್ಕೆ ರಿಕ್ಷಾ ಬಂತು.

ಮಾವಶಿ ಇಳಿದು ಅತ್ತಿತ್ತ ನೋಡಿದರು. "ಗಿಡ ಎಲ್ಲ್ಯದಾವೋ?"

"ಕಬ್ಬಿನಂಗ ಕುಳಿ ಬಿಟ್ಟೇನ್ರಿ," ಎಂದೆ.

ಮಾವಶಿ ಬಗ್ಗಿ ಒಂದು ಬುಡ ಎತ್ತಿದರು. ಅದು ಪ್ರತಿಭಟಿಸದೆ ಬೇರುಸಮೇತ ಕೈಗೆ ಬಂತು. ಮೂಸಿ ನೋಡಿ ಕೆಳಗಿಟ್ಟರು.

"ಅರೇ ದೇವಾ. ನೀರ ಕುಡಿಸಿ ಕೊಂದಿ, ಗೊಬ್ಬರ ಹಾಕಿ ಕೊಂದಿ, ಮಣ್ಣ ಮಾಡಿದಿ. ಹೋದದ್ದರ ಕುತ್ತಿಗೀನೂ ಕೊಯ್ದಿ?"

ನಾನು ವೈನಿಯ ಮುಖ ನೋಡಿದೆ. ವೈನಿ ರಿಕ್ಷಾದವನಿಗೆ ಚಿಲ್ಲರೆ ಹುಡುಕುವುದರಲ್ಲಿ ಮಗ್ನರಾಗಿದ್ದರು. ವಿಷಯ ತೆಗೆಯುವ ಲಕ್ಷಣ ಕಾಣಲಿಲ್ಲ. ಮಾವಶಿಯೇ ತೆಗೆದರು.

"ಅಣ್ಣನ ಮಗಳಿಗೆ ನಿನ್ನ ಕೇಳೂಣು ಅಂತ ಮಾಡಿದ್ದೆ. ಅಕಿನೂ ಭಾಳ ನಾಜೂಕ ಅದಾಳ." ಒಮ್ಮೆ ಬೋದಿನ ಕಡೆ ನೋಡಿದರು. "ಬ್ಯಾಡ ಬಿಡಪಾ. ನೀ ಪ್ರೀತಿ ಮಾಡಿದರ ಉಳಿಯೂದು ಕಠಿಣ."

ಆ ಹುಡುಗಿಯನ್ನು ಚಿಕ್ಕೋಡಿಯ ವರನಿಗೆ ಗೊತ್ತು ಮಾಡಿದ್ದಾರಂತೆ. ಅವನು ಊಟ ಮುಗಿಸಿದರೆ ಗೋಡೆಗೊರಗಿ ಸಂಜೆಯವರೆಗೆ ಅಲುಗುವುದಿಲ್ಲವಂತೆ. ಬಹಳ ಸಮಾಧಾನದ ಹುಡುಗ ಎಂದು ಮಾವಶಿ ಹೊಗಳುತ್ತಾರೆ.

ಯಾರಿಂದಲೂ ಹೇಳಿಸಿಕೊಳ್ಳದೆ ನಾನು ಮೈಮುರಿದು ದುಡಿದದ್ದು ಜೀವಮಾನದಲ್ಲಿ ಅದೊಂದೇ ವಾರ.