ಮಾವನ ಹೆಬ್ಬೆರಳಿಗೊಂದು ಪ್ಯಾಡು

ಡಬ್ಬದ ಮುಚ್ಚಳ ತೆಗೆಯಹೋಗಿ ಕುಯ್ದುಕೊಂಡದ್ದು ಮಾವನ ಹೆಬ್ಬೆರಳು, ಕುತ್ತು ಬಂದದ್ದು ಅಳಿಯನ ಕೆಲಸಕ್ಕೆ!

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿದ್ದ ಅಳಿಯ ತರಬೇತಿ ಮುಗಿಸಿ ಡ್ರೆಸ್ಸಿಂಗ್ ರೂಮಿಗೆ ಬಂದು ಒಂದು ವಾರವಾಗಿತ್ತಷ್ಟೆ. ಇವತ್ತು ಹಿರಿಯ ನರ್ಸಮ್ಮನ ಪರೀಕ್ಷೆ. ಗೆದ್ದರೆ ಗಾಯ ಕಟ್ಟುವ ಕೆಲಸ ಖಾಯಂ, ಸೋತರೆ ಮತ್ತೆ ಸೋಪಿನ ನೊರೆ.

"ಪ್ಯಾಕೆಟ್ ಒಡೆದ ಮೇಲೆ ಪ್ಯಾಡಿಗೆ ಚಿಮುಟ, ಗಾಯ ಬಿಟ್ಟು ಇನ್ನೇನೂ ತಾಗಬಾರದು. ತಾಗಿದ್ರೆ ಬುಟ್ಟಿಗೆ. ಸ್ಟಾಕು ನಾಲ್ಕೇ ಇದೆ, ಜೋಪಾನ!" ಎಂದು ಹೇಳಿ ಅವರು ವಾರ್ಡಿಗೆ ಹೋದರು.

ಅವರು ಆಚೆ ಹೋದರೋ ಇಲ್ಲವೋ, ಮಾವ ಒಳಗೆ ಬಂದರು. ಒಬ್ಬರೇ ಬಂದಿದ್ದರೆ ಪುಣ್ಯ! ಬೆನ್ನಿಗೆ ಅತ್ತೆ, ಪಕ್ಕದ ಮನೆಯ ಟೈಲರು, ಅವರ ಹಿಂದೆ ದಿಬ್ಬಣದಂತೆ ಅರ್ಧ ಬೀದಿ.

"ನಮ್ಮ ಅಳಿಯಂದ್ರು ಇಲ್ಲಿ ಹೆಚ್ಚೂಕಮ್ಮಿ ಡಾಕ್ಟ್ರೇ!" ಎಂದು ಮಾವ ರಕ್ತ ತೊಟ್ಟಿಕ್ಕುವ ಬೆರಳನ್ನೇ ಎತ್ತಿ ಸಾರಿದರು.

ಅಳಿಯ ಗಾಯ ತೊಳೆದು, ಗ್ಲೌಸ್ ತೊಟ್ಟು, ಮೊದಲ ಪ್ಯಾಕೆಟ್ ಒಡೆದ. ಅತ್ತೆ ಪ್ಯಾಡನ್ನು ಸರಕ್ಕನೆ ಎತ್ತಿ ಕೆನ್ನೆಗೆ ಒತ್ತಿಕೊಂಡರು. "ಅಯ್ಯೋ, ಎಷ್ಟು ಮೆತ್ತಗಿದೆ!" ಅದು ಬುಟ್ಟಿಗೆ ಹೋಯಿತು.

ಎರಡನೆಯದನ್ನು ಟೈಲರು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಅಂಚೇ ಹೊಲಿದಿಲ್ಲವಲ್ರೀ!" ಅದೂ ಬುಟ್ಟಿಗೆ.

ಅಳಿಯ ಹಲ್ಲುಕಚ್ಚಿ ಮೂರನೆಯದನ್ನು ಒಡೆದ. ಅಷ್ಟರಲ್ಲಿ ಅತ್ತೆ ಬುಟ್ಟಿಯ ಕಡೆ ಬಗ್ಗಿದ್ದರು. "ಇಂಥಾ ಬಟ್ಟೆ ಬಿಸಾಡ್ತೀರಲ್ಲ! ಒಗೆದು ಒಣಗಿಸಿದ್ರೆ ಹತ್ತು ವರ್ಷ ಬರತ್ತೆ!"

"ಅತ್ತೇ, ಅದಕ್ಕೆ ಕೈ ಹಾಕ್ಬೇಡಿ!" ಎಂದು ಅಳಿಯ ಅತ್ತ ಹಾರಿದ. ಇತ್ತ ಮಾವ ಮೂರನೆಯ ಪ್ಯಾಡಿನಿಂದ ಹಾಯಾಗಿ ಹಣೆಯ ಬೆವರು ಒರೆಸಿಕೊಂಡರು.

ಉಳಿದದ್ದು ಒಂದೇ! ಮದುವೆಯಾದಂದಿನಿಂದ ಅತ್ತೆಯ ಎದುರು ತುಟಿಪಿಟಕ್ಕೆನ್ನದವನಿಗೆ ಆ ದನಿ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

"ಮಾವ ಒಬ್ರನ್ನ ಬಿಟ್ಟು ಎಲ್ರೂ ಆಚೆ! ಟೈಲರ್ರೇ, ನಡೀರಿ! ಅತ್ತೇ, ನೀವೂ!"

ಕಣ್ಣುಮುಚ್ಚಿ ತೆಗೆಯುವುದರೊಳಗೆ ಕೋಣೆ ಖಾಲಿ. ಮಾವ ಉಸಿರು ಬಿಗಿಹಿಡಿದು ಕೂತರು. ನಾಲ್ಕನೆಯ ಪ್ಯಾಡು ಚಿಮುಟದಿಂದ ನೇರವಾಗಿ ಗಾಯದ ಮೇಲೆ ಕೂತಿತು. ಅಳಿಯನಿಗೆ ಕುಣಿಯಬೇಕೆನಿಸಿತು.

"ಭೇಷ್!" ಬಾಗಿಲಲ್ಲಿ ನರ್ಸಮ್ಮ. "ಎಲ್ಲಾ ನೋಡ್ದೆ. ಕಟ್ಟಿದ್ದು ಅಚ್ಚುಕಟ್ಟು."

"ಹಾಗಾದ್ರೆ ಖಾಯಂ ಆಯ್ತಾ ಮೇಡಂ?"

"ಆಯ್ತು! ಆದ್ರೆ ಇಲ್ಲಲ್ಲ. ಗಾಯ ಕಟ್ಟೋರು ಬೇಕಾದಷ್ಟು ಜನ ಸಿಗ್ತಾರಪ್ಪಾ. ಸ್ವಂತ ಅತ್ತೇನೇ ಆಚೆ ಕಳಿಸೋ ಗಂಡು ಎಲ್ಲಿ ಸಿಗ್ತಾನೆ? ನಾಳೆಯಿಂದ ನೀನು ಆಸ್ಪತ್ರೆ ಗೇಟಿಗೆ!"

ಅಷ್ಟೂ ಕಿಟಕಿಯಲ್ಲಿ ಇಣುಕುತ್ತಿದ್ದ ಅತ್ತೆಯ ಕಿವಿಗೆ ಬಿತ್ತು. ಅವರು ಹಿಗ್ಗಿ ಹೀರೇಕಾಯಿಯಾಗಿ ಬೀದಿಯವರ ಕಡೆ ತಿರುಗಿದರು.

"ಕೇಳಿದ್ರಾ? ಗೇಟಲ್ಲಿ ನಮ್ಮ ಅಳಿಯಂದ್ರೇ ಅಂತೆ! ಇನ್ಮೇಲೆ ನಮ್ಮನ್ನ ತಡೆಯೋರು ಯಾರೂ ಇಲ್ಲ!"